ಕಪ್ಪು ತೇಪೆಯ ಮೇಲಿನ ಕಪ್ಪು ಹೊಲಿಗೆ

ಹಳಿಯಾಳ ಸೀಮೆ, ಮುಚ್ಚುವೇಳೆ
ಫೆಬ್ರವರಿ ೩೧, ೨೧೩೪

ಮಿಂಗೇಲಿನ್,

ತಾರೀಖು ನೋಡಿ ಇದು ಯಾವಳೋ ತಲೆಕೆಟ್ಟವಳ ಕಾಗದವೆಂದು ಮಡಚಿಡಬೇಡ. ನಿಮ್ಮ ಫೆಬ್ರವರಿ ಇಪ್ಪತ್ತೆಂಟಕ್ಕೋ ಇಪ್ಪತ್ತೊಂಬತ್ತಕ್ಕೋ ಮುಗಿದುಹೋಗುತ್ತಿತ್ತೆಂದು ಶಾಲೆಯಲ್ಲಿ ಓದಿದ್ದೇನೆ. ನಮ್ಮ ಹಿರಿಯರು ಬೇಸಿಗೆಯ ತಿಂಗಳುಗಳಿಂದ ಒಂದೊಂದು ದಿನ ಕಿತ್ತು, ಸ್ವಲ್ಪ ತಂಪು ಉಳಿದಿರುವ ತಿಂಗಳುಗಳಿಗೆ ಸೇರಿಸಿದರು. ಬಿಸಿಲೇನೂ ಕಡಿಮೆಯಾಗಲಿಲ್ಲ, ಕ್ಯಾಲೆಂಡರಿಗೆ ಮಾತ್ರ ಸಮಾಧಾನವಾಯಿತು. ನನ್ನ ಮಾತುಗಳಲ್ಲಿ ಕೆಲವು ನಿನಗೆ ವಿಚಿತ್ರವೆನಿಸಬಹುದು. ಇನ್ನು ಕೆಲವು ನಿನ್ನವೇ ಆಗಿದ್ದು, ನೂರು ವರ್ಷ ಬಾಯಿಂದ ಬಾಯಿಗೆ ಬಿದ್ದು ಸವೆದಿರಬಹುದು. ಎರಡನ್ನೂ ಹೊಟ್ಟೆಗೆ ಹಾಕಿಕೋ.

ನಾನು ದುಲ್ಸಿನ್ ಸಿದ್ದಿ, ನಿನ್ನ ಮಗಳ ಮಗಳ ಮಗಳ ಮಗಳು. ರೀತಿಯ ಪ್ರಕಾರ ನಿನ್ನನ್ನು ಬಹುವಚನದಲ್ಲಿ ಕರೆದು, ಕಾಲಿಗೆ ಬಿದ್ದು ಮಾತು ಶುರುಮಾಡಬೇಕು. ಆದರೆ ಈ ಓಲೆ ಮುಟ್ಟುವಾಗ ನಿನಗೆ ಇಪ್ಪತ್ತೈದು, ಬರೆಯುವ ನನಗೆ ಇಪ್ಪತ್ತಾರು. ಒಂದು ವರ್ಷ ಚಿಕ್ಕವಳ ಕಾಲಿಗೆ ಯಾರು ಬೀಳುತ್ತಾರೆ? ನೀನು ಎಂದೇ ಕರೆಯುತ್ತೇನೆ, ಸಹಿಸಿಕೋ. ಓಲೆ ಹೇಗೆ ಮುಟ್ಟುತ್ತದೆಂದು ಮಾತ್ರ ಕೇಳಬೇಡ. ಹಿಂದಿನವರಿಗೆ ಬರೆಯುವ ಇಂಥದ್ದನ್ನು ನಾವು ಹಿನ್ನೋಲೆ ಎನ್ನುತ್ತೇವೆ. ಬರೆದು, ಮನೆಯ ಮೂಲೆಯಲ್ಲಿ ಹಿರಿಯರ ಹೆಸರಿನಲ್ಲಿ ಇಟ್ಟಿರುವ ತೆಂಗಿನಕಾಯಿಯ ಕೆಳಗೆ ಇಡುತ್ತೇವೆ. ಮುಟ್ಟಿತೆಂಬುದಕ್ಕೆ ಯಾರೂ ಪುರಾವೆ ತಂದಿಲ್ಲ. ಮುಟ್ಟಲಿಲ್ಲವೆಂದು ಇದುವರೆಗೆ ಯಾರೂ ದೂರು ಕೊಟ್ಟೂ ಇಲ್ಲ.

ಮುಚ್ಚುವೇಳೆ ಎಂದರೆ ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗಿನ ಹೊತ್ತು. ಸೈರನ್ ಆದ ಕೂಡಲೇ ಊರಿನ ಬಾಗಿಲುಗಳೆಲ್ಲ ಮುಚ್ಚುತ್ತವೆ, ಬೀದಿಯ ಮೇಲೆ ಅಡ್ಡಲಾಗಿ ಕಟ್ಟಿದ ಬಿಳಿ ಬಟ್ಟೆಯ ಚಾವಣಿ ಬಿಗಿಯುತ್ತದೆ, ಗೋಡೆಯೊಳಗಿನ ಮಣ್ಣಿನ ಕೊಳವೆಗಳಲ್ಲಿ ನೀರು ಹರಿಯತೊಡಗುತ್ತದೆ. ಹೊಲ, ಶಾಲೆ, ಕಚೇರಿ, ಮದುವೆ, ಜಗಳ, ಎಲ್ಲವೂ ನಸುಕಿನಲ್ಲಿ ಇಲ್ಲವೇ ಇಳಿಹೊತ್ತಿನ ಮೇಲೆ. ನಡುಹಗಲಿನಲ್ಲಿ ಜನ ಮಲಗುತ್ತಾರೆ. ನಾನು ಮಲಗುವುದಿಲ್ಲ. ಮಗಳು ಹಲೀಮಾ ಹುಟ್ಟಿ ನಾಲ್ಕು ತಿಂಗಳಾಯಿತು. ಅವಳು ಉಸಿರಾಡುತ್ತಿದ್ದಾಳೆಯೇ ಎಂದು ನೋಡುತ್ತೇನೆ, ಗೋಡೆ ತಣ್ಣಗಿದೆಯೇ ಎಂದು ಕೆನ್ನೆ ಇಟ್ಟು ನೋಡುತ್ತೇನೆ, ಮತ್ತೆ ಅವಳ ಉಸಿರು ನೋಡುತ್ತೇನೆ. ಡಿಗ್ರಿ ಮಾಡಿದವಳು, ಕೂಸು ಗಂಟೆಗೊಮ್ಮೆ ಸಾಯುವುದಿಲ್ಲವೆಂದು ಪುಸ್ತಕದಲ್ಲಿ ಓದಿದವಳು. ಓದಿದ್ದು ಕಣ್ಣಿಗೆ ಗೊತ್ತಾಗಬೇಕಲ್ಲ. ನನ್ನ ಗಂಡ ಇಮಾಮ್ ಕಾರವಾರದಲ್ಲಿ ಸಮುದ್ರಗೋಡೆ ಕಟ್ಟುವ ಕೆಲಸದಲ್ಲಿದ್ದಾನೆ, ಎರಡು ತಿಂಗಳಿಗೊಮ್ಮೆ ಬರುತ್ತಾನೆ. ಮನೆಯಲ್ಲಿ ಇರುವವರು ನಾನು, ಕೂಸು, ಮತ್ತು ನನ್ನ ಅಜ್ಜಿ ಪಾಸ್ಕಿನ್. ಅಜ್ಜಿ ನಿನ್ನ ಮೊಮ್ಮಗಳು, ಎಪ್ಪತ್ತಾರರ ಮುದುಕಿ. ನೀನು ಇನ್ನೂ ಹೆರದ ಮಗಳ ಮಗಳು ಮುದುಕಿಯಾಗಿ ನನ್ನ ಪಕ್ಕದಲ್ಲಿ ಗೊರಕೆ ಹೊಡೆಯುತ್ತಿದ್ದಾಳೆ ಎಂದರೆ ನಿನಗೆ ನಗು ಬರಬಹುದು.

ವಿಷಯಕ್ಕೆ ಬರುತ್ತೇನೆ. ಇವತ್ತು ನಸುಕಿನ ಬಂಡಿ ಹಿಡಿದು ನಾವು ಮೂವರೂ ಧಾರವಾಡದ ಚಿತ್ರಕಣಜಕ್ಕೆ ಹೋಗಿದ್ದೆವು. ಹಿಂದೆ ಕಾಳು ತುಂಬಿಡುತ್ತಿದ್ದ ಹಾಗೆ ಹಳೆಯ ಸಿನಿಮಾಗಳನ್ನೆಲ್ಲ ಗುಡ್ಡದೊಳಗೆ ತುಂಬಿಟ್ಟಿರುವ ಜಾಗ ಅದು. ನಿನ್ನ ಆರು ಸಿನಿಮಾಗಳೂ ಅಲ್ಲಿವೆ. ಆ ಆರರಲ್ಲಿರುವ ನಮ್ಮವರ ಮುಖಗಳು ಇದ್ದ ಬಣ್ಣದಲ್ಲೇ ಉಳಿಯಬೇಕೋ ಬೇಡವೋ ಎಂಬುದು ಇವತ್ತು ತೀರ್ಮಾನವಾಗಬೇಕಿತ್ತು.

ಕಣಜದಲ್ಲಿ ಸಮಬೆಳಕು ಎಂಬ ಯಂತ್ರವಿದೆ. ಹಳೆಯ ಚಿತ್ರಗಳ ಗೀರು ಅಳಿಸುವುದು, ಮಾಸಿದ ಬಣ್ಣ ಮರಳಿಸುವುದು ಅದರ ಕೆಲಸ. ಅದು ಲಕ್ಷಗಟ್ಟಲೆ ಮುಖಗಳನ್ನು ನೋಡಿ, ಮನುಷ್ಯನ ಮುಖ ಇಷ್ಟು ಬೆಳ್ಳಗಿದ್ದರೆ ಸರಿ ಎಂದು ಒಂದು ಅಳತೆ ಕಲಿತಿದೆ. ಆ ಅಳತೆಗಿಂತ ಕಪ್ಪಾಗಿರುವ ಮುಖ ಅದರ ಮಟ್ಟಿಗೆ ತೆಗೆದವರ ತಪ್ಪು. ನಿನ್ನ ಸಿನಿಮಾಗಳಲ್ಲಿ ಆಕಾಶ ಸುಟ್ಟು ಬೆಳ್ಳಗಾಗಿರುತ್ತದೆ, ಬಿಳಿ ಅಂಗಿಗಳಲ್ಲಿ ಮಡಿಕೆಯೇ ಕಾಣುವುದಿಲ್ಲ, ಮುಖಗಳು ಮಾತ್ರ ತಮ್ಮ ಕಪ್ಪಿನಲ್ಲಿ ತುಂಬಿಕೊಂಡಿರುತ್ತವೆ. ಯಂತ್ರ ಇದನ್ನು ನೋಡಿ, ಆರೂ ಸಿನಿಮಾಗಳಲ್ಲಿ ಒಟ್ಟು ಮೂರು ಸಾವಿರದ ಇನ್ನೂರು ದೋಷಗಳಿವೆಯೆಂದು ಪಟ್ಟಿ ಕೊಟ್ಟಿತು. ದೋಷ ಎಂದು ಬರೆದಿದ್ದ ಮೊದಲ ಮುಖ ನಿನ್ನ ಅಜ್ಜಿಯದು.

ನಾನು ಈ ಪಟ್ಟಿಗೆ ಇಷ್ಟೇಕೆ ಉರಿದೆನೆಂದು ಹೇಳಬೇಕಾದರೆ ನಾಚಿಕೆಯ ಮಾತೊಂದನ್ನು ಹೇಳಬೇಕು. ಹಲೀಮಾ ಹುಟ್ಟಿದ ದಿನ ಹೆರಿಗೆಮನೆಯ ಯಂತ್ರ ಅವಳ ಮೊದಲ ಚಿತ್ರ ತೆಗೆದು, ಸಮಬೆಳಕು ಬೇಕೇ ಎಂದು ಕೇಳಿತು. ಮೂವತ್ತು ಗಂಟೆ ನೋವು ತಿಂದು ಎದ್ದವಳು, ಏನು ಕೇಳಿದರೂ ಹೂಂ ಎನ್ನುವ ಸ್ಥಿತಿಯಲ್ಲಿದ್ದೆ. ಹೂಂ ಎಂದೆ. ಒಂದು ವಾರ ಎಲ್ಲ ಚಿತ್ರಗಳೂ ಹಾಗೆಯೇ ಆದವು, ಮೂಲ ಉಳಿಯಲಿಲ್ಲ. ಕಾರವಾರದಿಂದ ಇಮಾಮ್ ಕೇಳಿದ: "ಇದು ಯಾರ ಕೂಸ? ನಮ್ಮ ಹಲೀಮಾ ಎಲ್ಲಿ?" ಅವನು ತಮಾಷೆಗೆ ಕೇಳಿದ್ದು. ನಾನು ಹಾಲೂಡುತ್ತಿದ್ದವಳು ಚಿತ್ರವನ್ನು ಕೂಸಿನ ಮುಖದ ಪಕ್ಕದಲ್ಲಿ ಹಿಡಿದು ನೋಡಿದೆ. ನನ್ನ ಮಗಳ ಮೊದಲ ದಿನದ ಮುಖ ಈ ಭೂಮಿಯ ಮೇಲೆ ಎಲ್ಲಿಯೂ ಇಲ್ಲ. ಗೋಧಿಬಣ್ಣದ ಯಾವುದೋ ಕೂಸು ಅವಳ ಹೆಸರಿನಲ್ಲಿ ಕೈ ಕಾಲು ಆಡಿಸುತ್ತಿದೆ. ಒಮ್ಮೆ ಹೂಂ ಎಂದದ್ದಕ್ಕೆ ಹೀಗಾದರೆ, ಇನ್ನೊಂದು ಹೂಂಗೆ ನಿನ್ನ ಆರು ಸಿನಿಮಾಗಳನ್ನೂ ಕೊಡುವುದೆಂದರೆ ಹೇಗೆ?

ನೀನು ಯಾರಾಗುವೆ ಎಂದು ನಿನಗೆ ಇನ್ನೂ ಗೊತ್ತಿಲ್ಲ. ನಿನಗೆ ಮುಂದಾಗಬೇಕಾದದ್ದು ನನಗೆ ಆಗಿಹೋದದ್ದು, ಆಗಿಹೋದ ಹಾಗೆಯೇ ಬರೆಯುತ್ತೇನೆ. ಮೊದಲನೆಯದು ನಿನಗೆ ಗೊತ್ತಿರುವುದೇ. ನಿನಗೆ ಹತ್ತೊಂಬತ್ತಿದ್ದಾಗ ಸಿನಿಮಾದವರು ಕಾಡುಜನರ ಪಾತ್ರಕ್ಕೆಂದು ನಮ್ಮ ಕೇರಿಯಿಂದ ಇಪ್ಪತ್ತು ಜನರನ್ನು ಲಾರಿಯಲ್ಲಿ ಕರೆದುಕೊಂಡು ಹೋದರು. ಅಲ್ಲಿ ಮೇಕಪ್ಪಿನವನು ನಿನ್ನ ಮುಖ ನೋಡಿ "ಇನ್ನೂ ಕಪ್ಪು ಬೇಕು" ಎಂದು ಮಸಿ ಬಳಿದ. ಸಿದ್ದಿ ಹುಡುಗಿಯ ಮುಖಕ್ಕೆ ಮಸಿ! ಆಮೇಲೆ ಆಫ್ರಿಕಾದ ಭಾಷೆಯಲ್ಲಿ ಏನಾದರೂ ಕೂಗು ಎಂದರು. ನಾನೂರು ವರ್ಷದ ಹಿಂದೆ ಹಡಗಿನಲ್ಲಿ ತಂದು ಇಳಿಸಿದವರ ಮೊಮ್ಮಗಳಿಗೆ ಅದು ಹೇಗೆ ಗೊತ್ತಿರಬೇಕು? ನೀನು ಮನೆಯ ಮಾತಿನಲ್ಲಿ, ಈಟಿ ಎತ್ತಿ, "ಅನ್ನ ಸೀದು ಹೋಯಿತು, ಒಲೆ ಆರಿಸಿರೇ" ಎಂದು ಕೂಗಿದೆ. ಪರದೆಯ ಕೆಳಗೆ "ಇವನನ್ನು ಬಲಿ ಕೊಡಿ" ಎಂದು ಅಕ್ಷರ ಬಂತು. ಹಳಿಯಾಳದ ಟಾಕೀಸಿನಲ್ಲಿ ನಮ್ಮವರು ಬೆಂಚಿನಿಂದ ಬಿದ್ದು ನಕ್ಕರಂತೆ. ನೀನೊಬ್ಬಳೇ ನಗಲಿಲ್ಲವೆಂದು ಪಾಸ್ಕಿನ್ ಅಜ್ಜಿ ಹೇಳುತ್ತಾಳೆ.

ಇನ್ನು ಮೂರು ವರ್ಷಕ್ಕೆ ನಿನ್ನ ಮೊದಲ ಸಿನಿಮಾ. ಹೆಸರು "ಸೀದ ಅನ್ನ." ಅದರಲ್ಲಿ ನಿನ್ನ ಅಜ್ಜಿಯೇ ಮುಖ್ಯ ಪಾತ್ರ. ಮೊದಲ ದಿನವೇ ಕ್ಯಾಮೆರಾದವನು ತಕರಾರು ತೆಗೆದ.

"ಮೇಡಂ, ಮುಖಾನೇ ಕಾಣಲ್ಲ. ಹಲ್ಲು, ಕಣ್ಣು, ಅಷ್ಟೇ ಕಾಣೋದು."

"ಮುಖ ಐತಿ ತಮ್ಮಾ, ನೋಡಾಕ ನಿನ್ನ ಡಬ್ಬಿಗೆ ಬರವಲ್ದು," ಎಂದವಳೇ ನೀನು ಮನೆಯಿಂದ ಕೌದಿ ತಂದೆ.

ಅದು ನಿನ್ನ ಅಜ್ಜಿ ಹೊಲಿದ ಕೌದಿ. ಹಳೆಯ ಸೀರೆ, ಲುಂಗಿ, ಶಾಲೆಯ ಸಮವಸ್ತ್ರಗಳ ತೇಪೆ. ಬಿಳಿಯಿಂದ ಕಂದು, ಕಂದಿನಿಂದ ನೀಲಿ, ನೀಲಿಯಿಂದ ಕಡುಗಪ್ಪು. ಕಪ್ಪು ತೇಪೆಯ ಮೇಲೆ ಅವಳು ಕಪ್ಪು ದಾರದಲ್ಲೇ ಹೊಲಿದಿದ್ದಳು. ನೀನು ಅದನ್ನು ಅವಳ ಮುಖದ ಪಕ್ಕದಲ್ಲಿ ಹಿಡಿಸಿ, ಕ್ಯಾಮೆರಾದವನಿಗೆ ಒಂದೇ ಕಾನೂನು ಹೇಳಿದೆ: ಕಪ್ಪು ತೇಪೆಯ ಮೇಲಿನ ಕಪ್ಪು ಹೊಲಿಗೆ ಎಣಿಸಲು ಬರುವ ತನಕ ಬೆಳಕು ಸರಿಮಾಡು, ಆಕಾಶ ಸುಟ್ಟುಹೋದರೆ ಹೋಗಲಿ. ಮುಂದೆ ಐವತ್ತೆರಡು ವರ್ಷ, ಪ್ರತಿ ದೃಶ್ಯಕ್ಕೂ ಮೊದಲು ಯಾರಾದರೊಬ್ಬರು ಆ ಕೌದಿಯನ್ನು ಮುಖದ ಪಕ್ಕದಲ್ಲಿ ಹಿಡಿದು ನಿಲ್ಲಬೇಕಿತ್ತು, ಹೊಲಿಗೆ ಎಣಿಸಬೇಕಿತ್ತು. ಸಂಕಲನವನ್ನೂ ನೀನು ಕೌದಿಯ ಹಾಗೆಯೇ ಮಾಡುತ್ತಿದ್ದೆಯಂತೆ. ನಮ್ಮ ಹೆಂಗಸರು ಕೌದಿಯನ್ನು ಅಂಚಿನಿಂದ ಶುರುಮಾಡಿ, ಸುತ್ತು ಹಾಕುತ್ತ ಹಾಕುತ್ತ ನಡುವಿಗೆ ಬಂದು ಮುಗಿಸುವ ಹಾಗೆ, ನೀನು ಕಥೆಯ ಮೊದಲು ಮತ್ತು ಕೊನೆಯನ್ನು ಮೊದಲು ಹೊಲಿದು ನಡುವಿನದ್ದನ್ನು ಕೊನೆಗೆ ಮಾಡುತ್ತಿದ್ದೆ. ದೊಡ್ಡ ದೊಡ್ಡವರು ಅದನ್ನು ಹೊಸ ಶೈಲಿಯೆಂದು ಕರೆದರು.

ಟಾಕೀಸುಗಳು ಮೊದಲ ಸಿನಿಮಾ ಬೇಡವೆಂದವು. ಕೇರಿಯಿಂದ ಕೇರಿಗೆ ಬೆಡ್‌ಶೀಟ್ ಕಟ್ಟಿ ತೋರಿಸಿದೆ. ಎರಡನೆಯದನ್ನು ಹೊರದೇಶದ ಉತ್ಸವಕ್ಕೆ ಕರೆದಾಗ, ನೀವು ಆಫ್ರಿಕಾದ ಯಾವ ದೇಶದವರೆಂದು ಅವರು ಕೇಳಿದರೆ ನೀನು "ಹಳಿಯಾಳ ತಾಲ್ಲೂಕು" ಎಂದು ಹೇಳಿ ಕೂತೆ. ಆಮೇಲೆ ದೊಡ್ಡ ಕಂಪನಿಯೊಂದು ಕರೆಯಿತು. ಬೆಳ್ಳಗಿನ ನಾಯಕಿಗೆ ಕಂದು ಬಣ್ಣ ಬಳಿದು ಸಿದ್ದಿ ಹುಡುಗಿ ಮಾಡುವ ಸಿನಿಮಾ. ನೀನು ಮೂರನೆಯ ದಿನ ಬಣ್ಣದ ಡಬ್ಬಿಯನ್ನು ಬಚ್ಚಲಿಗೆ ಸುರಿದೆ, ನಾಲ್ಕನೆಯ ದಿನ ಹೊರಗೆ ಹಾಕಿದರು. ಏಳು ವರ್ಷ ಯಾರೂ ಕೆಲಸ ಕೊಡಲಿಲ್ಲ. ಆ ಏಳು ವರ್ಷವನ್ನು ನಾನು ನಿನಗೆ ಸಿಹಿಮಾಡಿ ಹೇಳುವುದಿಲ್ಲ. ಕೂಸು ಕಟ್ಟಿಕೊಂಡು ಅಂಗನವಾಡಿಯಲ್ಲಿ ಅಡುಗೆ ಮಾಡಿದೆ. ಸಂಜೆ ಕೇರಿಯ ಹುಡುಗಿಯರಿಗೆ ಕ್ಯಾಮೆರಾ ಹಿಡಿಯಲು ಕಲಿಸಿದೆ. ಮೂರನೆಯ ಸಿನಿಮಾದ ಹೊತ್ತಿಗೆ ನಿನ್ನ ತಂಡದಲ್ಲಿ ಹೊರಗಿನವರೇ ಇರಲಿಲ್ಲ. ನಿನ್ನ ಆರನೆಯ ಸಿನಿಮಾ ಬಂದಾಗ ನಿನಗೆ ಎಂಬತ್ತು. ಅಷ್ಟರಲ್ಲಿ ಹೊಸಬರು ಮುಖಕ್ಕೆ ಬೆಳಕು ಇಡುವುದನ್ನು ನಿನ್ನಿಂದಲೇ ಕಲಿಯುತ್ತಿದ್ದರು. ಹೆಸರು ಹೇಳುತ್ತಿರಲಿಲ್ಲ, ಬಿಡು.

ಈಗ ಇವತ್ತಿನ ಬೆಳಿಗ್ಗೆ. ಕಣಜದ ಅಧಿಕಾರಿ ತನುಜಾ ಹೆರೂರ ಎಂಬಾಕೆ ಕೆಟ್ಟವಳಲ್ಲ. ಕೂಸಿಗೆಂದು ತಣ್ಣನೆಯ ಕೋಣೆ ಕೊಟ್ಟಳು. ಆದರೆ ನಿಯಮ ಓದಿದಳು: ಚಿತ್ರದ ಕಪ್ಪು ಬೇಕೆಂದೇ ಮಾಡಿದ್ದೆಂಬುದಕ್ಕೆ ನಿರ್ದೇಶಕರ ಕೈಬರಹ ಬೇಕು, ಇಲ್ಲವೇ ಅವರು ಬಳಸಿದ ಸಾಧನ ಬೇಕು. ಎರಡೂ ಇಲ್ಲದಿದ್ದರೆ ಸಮಬೆಳಕು. ನೀನು ಒಂದು ಸಾಲೂ ಬರೆದಿಟ್ಟವಳಲ್ಲ, ಎಲ್ಲ ಬಾಯಿಮಾತಿನಲ್ಲೇ. ಸಂದರ್ಶನಗಳಲ್ಲಿ ಬೆಳಕಿನ ಬಗ್ಗೆ ಕೇಳಿದಾಗಲೆಲ್ಲ "ನಮ್ಮವ್ರ ಮುಖಕ್ಕ ನಾವು ಬೆಳಕ ಹಾಕೂದಿಲ್ರಿ, ಅವರ ಕಡಿಂದ ಇಸ್ಕೊಂತೀವಿ" ಎಂದು ಹಾರಿಸಿಬಿಟ್ಟಿದ್ದೆ. ಕಣಜದವರು ಅದನ್ನು ಹಾಸ್ಯ ಎಂಬ ವಿಭಾಗದಲ್ಲಿ ಸೇರಿಸಿದ್ದಾರೆ.

"ಹಾಗಾದರೆ ಆ ಕೌದಿ?" ಎಂದು ತನುಜಾ ಕೇಳಿದಳು.

ಪಾಸ್ಕಿನ್ ಅಜ್ಜಿ ಕೂತಲ್ಲಿಂದಲೇ ಹೇಳಿದಳು: "ಅದು ಆಕೀ ಮೈಮ್ಯಾಗೈತಿ."

ನೀನು ತೊಂಬತ್ತೊಂದಕ್ಕೆ ತೀರಿಕೊಂಡಾಗ ಮಣ್ಣು ಮಾಡುವ ಮುಂಚೆ ಅಜ್ಜಿ ಕೌದಿಯನ್ನು ನಿನಗೆ ಹೊದಿಸಿದಳು. ಕೌದಿಯಿಲ್ಲದೆ ಹಿರಿಯರನ್ನು ಕಳಿಸುವುದು ನಮ್ಮಲ್ಲಿ ಇಲ್ಲ. ಹಳೆಯ ತೇಪೆಗಳಲ್ಲಿ ಮನೆಯ ಎಲ್ಲರ ಬಟ್ಟೆಯೂ ಇರುತ್ತದೆ, ಹೋದವರಿಗೆ ಒಂಟಿತನ ಬಾರದು. ಬೇರೆ ಯಾರಾದರೂ ಆಗಿದ್ದರೆ ಅದನ್ನು ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಿದ್ದರು. ಪಾಸ್ಕಿನ್ ಅಜ್ಜಿ ನಿನಗೆ ಚಳಿಯಾಗಬಾರದೆಂದು ಇಡೀ ಪುರಾವೆಯನ್ನು ಹೊದಿಸಿ ಕಳಿಸಿದಳು.

ತನುಜಾ ಮೆತ್ತಗೆ ಹೇಳಿದಳು: "ಸಮಾಧಿ ತೆಗೆಸಲಿಕ್ಕೆ ಅವಕಾಶ ಇದೆ. ನಾಲ್ಕು ಚೂರು ಬಟ್ಟೆ ಸಿಕ್ಕರೂ ಸಾಕು. ನಾನೇ ಶಿಫಾರಸು ಮಾಡ್ತೇನೆ."

"ನಿಮ್ಮವ್ವ ಮಲಗಿದ್ದಾಗ ಚಾದರ ಎಳೀತಿಯೇನವಾ ನೀ?" ಎಂದಳು ಅಜ್ಜಿ.

"ಅಜ್ಜೀ, ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು."

"ನಮ್ಮ ಒಳ್ಳೇದಕ್ಕ ಭಾಳ ಮಂದಿ ಬಂದಾರ. ಒಬ್ಬಾವ ಮಸಿ ತಂದ, ಒಬ್ಬಾವ ಸುಣ್ಣ ತಂದ. ನೀ ಗುದ್ದಲಿ ತಂದಿ."

ಆಮೇಲೆ ನನ್ನ ಕಡೆ ತಿರುಗಿದಳು. ಅವಳ ಮುಖದಲ್ಲಿ ಅಪರಾಧಿಯ ಅಂಜಿಕೆ ಇತ್ತು. ನಾನು ಅದನ್ನು ಮೊದಲ ಬಾರಿ ನೋಡಿದೆ. "ದುಲ್ಸೀ, ನಂದ ತಪ್ಪ ಆತೇನ? ತಗಸೂಣ ಅಂತಿಯೇನ? ನೀ ಹೂಂ ಅಂದ್ರ ನಾ ಬ್ಯಾಡ ಅನ್ನೂದಿಲ್ಲ." ಎಪ್ಪತ್ತಾರು ವರ್ಷದ ಹೆಂಗಸು ನನ್ನ ಒಂದು ಹೂಂಗಾಗಿ ಕಾಯುತ್ತಿದ್ದಳು. ಹಲೀಮಾ ನನ್ನ ಎದೆಯ ಜೋಳಿಗೆಯಲ್ಲಿ ಬೆವರುತ್ತ ಮಲಗಿದ್ದಳು. ನಾನು ಇಲ್ಲ ಎಂದೆ. ನಾಲ್ಕು ತಿಂಗಳಲ್ಲಿ ನಾನು ನಡುಗದೆ ಹೇಳಿದ ಮೊದಲ ಮಾತು ಅದು.

ಉಳಿದಿದ್ದ ದಾರಿ ಒಂದೇ, ಅದಕ್ಕೆ ಮನೆಕಾಪು ಎನ್ನುತ್ತಾರೆ. ಸಿನಿಮಾಗಳನ್ನು ಕಣಜದಿಂದ ಬಿಡಿಸಿಕೊಂಡು ಮನೆಗೆ ತರುವುದು. ಕಣಜ ತನ್ನ ಪ್ರತಿಯನ್ನು ಅಳಿಸಿಹಾಕುತ್ತದೆ, ಕಾಪಾಡುವ ಹೊಣೆಯೆಲ್ಲ ಮನೆಯವರದು. ಪ್ರತಿ ಸಿನಿಮಾವನ್ನು ವರ್ಷಕ್ಕೊಮ್ಮೆಯಾದರೂ ಹನ್ನೆರಡು ಜನರ ಎದುರು ತೋರಿಸಬೇಕು, ಅವರ ಸಹಿ ಕಳಿಸಬೇಕು. ಒಂದು ವರ್ಷ ತಪ್ಪಿದರೆ ಹಕ್ಕು ಹೋಯಿತು, ಸಿನಿಮಾಗಳು ಮರಳಿ ಕಣಜಕ್ಕೆ, ಮುಖಗಳು ಯಂತ್ರದ ಬಾಯಿಗೆ. ನಾನಿರುವ ತನಕ ನಾನು, ಆಮೇಲೆ ಹಲೀಮಾ. ತನುಜಾ ನನ್ನನ್ನು ಹೆದರಿಸಲು ಹೇಳಲಿಲ್ಲ, ಕಾಳಜಿಯಿಂದಲೇ ಹೇಳಿದಳು: "ತಂಗೀ, ಬೆಂಕಿ ಬಿದ್ದರೆ? ಮನೆಗೆ ನೀರು ನುಗ್ಗಿದರೆ? ಈ ಕೂಸು ದೊಡ್ಡದಾಗಿ ನನಗ್ಯಾಕೆ ಇದೆಲ್ಲ ಅಂದರೆ? ನಿದ್ದೆ ಬರುತ್ತಾ ನಿಮಗೆ?"

"ಈಗೂ ಬರಂಗಿಲ್ರಿ," ಎಂದೆ. ಸಹಿ ಹಾಕಿದೆ.

ಆರು ಸಿನಿಮಾಗಳು ಒಂದು ಊಟದ ಡಬ್ಬಿಯಷ್ಟು ಪೆಟ್ಟಿಗೆಯಲ್ಲಿ ಹಿಡಿದವು. ಸೈರನ್‌ಗೆ ಮುಂಚೆ ಊರು ಮುಟ್ಟಿಸುವ ಬಂಡಿಯಲ್ಲಿ ಅಜ್ಜಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು, ಬ್ರೇಕು ಬಿದ್ದಾಗಲೆಲ್ಲ ಕೈ ಅಡ್ಡ ಹಿಡಿಯುತ್ತಿದ್ದಳು. ನನಗೆ ಭಯವಾಗುತ್ತಿದೆ, ಮಿಂಗೇಲಿನ್. ಸುಳ್ಳೇಕೆ ಹೇಳಲಿ. ಇನ್ನು ಮೇಲೆ ಉಸಿರು ನೋಡಬೇಕಾದ ಕೂಸುಗಳು ಏಳಾದವು. ಮಗಳನ್ನು ಕೇಳದೆ ಅವಳ ತಲೆಯ ಮೇಲೆ ಹೊರೆ ಇಟ್ಟೆನೆಂದು ಯಾರಾದರೂ ಹೇಳಿದರೆ, ಹೌದು, ಇಟ್ಟೆ. ಅವಳನ್ನು ಕೇಳದೆ ಅವಳ ಮುಖವನ್ನು ಒಮ್ಮೆ ಕೊಟ್ಟುಬಿಟ್ಟವಳು ನಾನು. ಹೊರೆಯನ್ನು ಬೇಕಾದರೆ ಅವಳು ದೊಡ್ಡವಳಾಗಿ ಇಳಿಸಬಹುದು. ಕೊಟ್ಟ ಮುಖ ಮಾತ್ರ ಮರಳಿ ಬರುವುದಿಲ್ಲ.

ಈ ಓಲೆ ಬರೆಯಲು ಕೂತಾಗ ನಿನ್ನನ್ನು ಕೇಳಬೇಕೆಂದುಕೊಂಡಿದ್ದು ಒಂದೇ. ಎಲ್ಲಾದರೂ ಒಂದು ಹಾಳೆಯಲ್ಲಿ ಒಂದು ಸಾಲು ಬರೆದಿಡು, "ಈ ಕಪ್ಪು ನಾನು ಬೇಕೆಂದೇ ಇಟ್ಟದ್ದು" ಎಂದು. ಅಷ್ಟಾದರೆ ನಮಗೆ ಯಾವ ತಂಟೆಯೂ ಇರುವುದಿಲ್ಲ. ಇಷ್ಟು ಬರೆಯುವ ಹೊತ್ತಿಗೆ ಮನಸ್ಸು ಬದಲಾಯಿತು. ಬರೆಯಬೇಡ. ಬೆಳ್ಳಗಿನ ಮುಖ ತೆಗೆದ ಯಾವ ನಿರ್ದೇಶಕನೂ ಇದು ಬೇಕೆಂದೇ ಬೆಳ್ಳಗಿದೆ ಎಂದು ಚೀಟಿ ಬರೆದಿಟ್ಟು ಸತ್ತಿಲ್ಲ. ನಿನ್ನ ಅಜ್ಜಿಯ ಮುಖಕ್ಕೆ ನೀನೇಕೆ ಸಮಜಾಯಿಷಿ ಕೊಡಬೇಕು? ಕ್ಯಾಮೆರಾದವನು ತಕರಾರು ಮಾಡುವ ದಿನ ನಿನಗೂ ಒಂದು ಗಳಿಗೆ ಅನುಮಾನ ಬರುತ್ತದೆ, ಮುಖ ಬೆಳ್ಳಗಾಗಲೆಂದು ಇನ್ನೊಂದು ದೀಪ ತರಿಸಿಬಿಡೋಣವೇ ಎನಿಸುತ್ತದೆ. ತರಿಸಬೇಡ. ಇದನ್ನಷ್ಟೇ ಕೇಳುತ್ತೇನೆ. ಮಿಕ್ಕಿದ್ದನ್ನು ನಾವು ನೋಡಿಕೊಳ್ಳುತ್ತೇವೆ.

ಐದರ ಸೈರನ್ ಆಯಿತು. ಬೀದಿಯ ಚಾವಣಿ ಸಡಿಲಿಸುತ್ತಿದ್ದಾರೆ. ಅಜ್ಜಿ ಎದ್ದು, ಆಗಲೇ ಮನೆಮನೆಯ ಬಾಗಿಲು ಬಡಿಯುತ್ತ, "ಸಿನಿಮಾ ಐತಿ, ಬರ್ರಿ, ಸಹಿ ಮಾಡಾಕ ಬರಾವ್ರು ಮುಂದ ಕುಂದರ್ರಿ" ಎಂದು ಕೂಗುತ್ತಿದ್ದಾಳೆ. ಎದುರು ಮನೆಯ ಗೋಡೆಗೆ ಪರದೆ ಕಟ್ಟಬೇಕು, ನಾನು ಹೋಗುತ್ತೇನೆ. ಮೊದಲು "ಸೀದ ಅನ್ನ." ನೀನು ಇನ್ನೂ ತೆಗೆಯದ ಆ ಮುಖ ಕತ್ತಲಾದ ಕೂಡಲೇ ಇಷ್ಟೆತ್ತರಕ್ಕೆ, ತನ್ನದೇ ಬಣ್ಣದಲ್ಲಿ, ನಮ್ಮ ಬೀದಿಯನ್ನು ನೋಡಲಿದೆ. ಹಲೀಮಾಳಿಗೆ ಕತ್ತು ಈಗಷ್ಟೇ ನಿಲ್ಲುತ್ತಿದೆ. ಅಂಗೈಯಲ್ಲಿ ತಲೆ ಹಿಡಿದು, ಅವಳನ್ನು ಪರದೆಯ ಕಡೆ ತಿರುಗಿಸಿ ಕೂರುತ್ತೇನೆ.

ದುಲ್ಸಿನ್